ಗೊರಕೆಗೊಂದು ಯಂತ್ರ: ಎಲ್ಲರಿಗೂ ಅಲ್ಲ!

ಹಾಲಾಡಿ ಕಡೆ ಬಯಲಾಟ ನಡೆಯುವ ರಾತ್ರಿ, ಚೆಂಡೆಯ ಸದ್ದಿನ ನಡುವೆಯೂ ಗೊರಕೆ ಹೊಡೆಯುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ‘ಪುಣ್ಯವಂತ, ಎಂಥ ನಿದ್ದೆ!’ ಎಂದು ಅಕ್ಕಪಕ್ಕದವರು ನಗುತ್ತಾರೆ. ಆದರೆ ಆ ಗೊರಕೆ ತಟ್ಟನೆ ನಿಂತು, ಕೆಲ ಕ್ಷಣ ಸದ್ದಡಗಿ, ಮತ್ತೆ ಬುಸ್ಸೆಂದು ಶುರುವಾದರೆ ಅದು ಸುಖನಿದ್ದೆಯಲ್ಲ. ಉಸಿರು ಕಟ್ಟುತ್ತಿದೆ ಎಂದರ್ಥ. ವೈದ್ಯರು ಇದಕ್ಕೆ ‘ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ’ ಎನ್ನುತ್ತಾರೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ನಾಲಿಗೆ ಹಿಂದಕ್ಕೆ ಜಾರುತ್ತದೆ, ಮೆದು ಅಂಗುಳ ಕುಸಿಯುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಬೆಚ್ಚಿ ಅರೆ ಎಚ್ಚರವಾಗುತ್ತದೆ. ರಾತ್ರಿಯಿಡೀ ಇದೇ ಆದರೆ ಹಗಲೆಲ್ಲ ತೂಕಡಿಕೆ. ಕಾಲಕ್ರಮೇಣ ರಕ್ತದೊತ್ತಡವೂ ಏರಬಹುದು. ಹಾಲಾಡಿಯಿಂದ ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುವ ಲಾರಿ ಚಾಲಕನಿಗೆ ಕ್ಷಣದ ತೂಕಡಿಕೆಯೂ ಪ್ರಾಣಾಂತಿಕ.

ಮೂಗಿನ ಮುಖವಾಡದ ಮೂಲಕ ಒತ್ತಡದ ಗಾಳಿ ಹಾಯಿಸಿ ಗಂಟಲನ್ನು ತೆರೆದಿಡುವ ‘ಸಿಪ್ಯಾಪ್’ ವಿಧಾನವನ್ನು ಆಸ್ಟ್ರೇಲಿಯಾದ ಕಾಲಿನ್ ಸಲಿವಾನ್ 1981ರಲ್ಲಿ ಪ್ರಕಟಿಸಿದರು. ಇಂದಿಗೂ ಅದೇ ಮೊದಲ ಚಿಕಿತ್ಸೆ. ಕೆಲವರಿಗೆ ಮಾತ್ರ ಮುಖವಾಡ ಒಗ್ಗುವುದಿಲ್ಲ. ಅಂಥವರಿಗೆಂದು 2014ರಲ್ಲಿ ಅಮೆರಿಕದಲ್ಲಿ ಮತ್ತೊಂದು ಉಪಾಯಕ್ಕೆ ಒಪ್ಪಿಗೆ ದೊರೆಯಿತು. ಎದೆಯ ಚರ್ಮದಡಿ ಪೇಸ್‌ಮೇಕರ್‌ನಂಥ ಪುಟ್ಟ ಯಂತ್ರ. ಉಸಿರೆಳೆದಾಗಲೆಲ್ಲ ಅದು ನಾಲಿಗೆಯ ನರಕ್ಕೆ ಮೆಲ್ಲಗೆ ವಿದ್ಯುತ್ ಮಿಡಿತ ಕೊಡುತ್ತದೆ, ನಾಲಿಗೆ ಮುಂದಕ್ಕೆ ಸರಿಯುತ್ತದೆ. ಈ ಯಂತ್ರ ಅಳವಡಿಸಿಕೊಂಡ 126 ಮಂದಿಯ ಅಧ್ಯಯನದಲ್ಲಿ, ಗಂಟೆಗೆ ಸುಮಾರು 29 ಬಾರಿ ಆಗುತ್ತಿದ್ದ ಉಸಿರಾಟದ ಅಡಚಣೆ ವರ್ಷದೊಳಗೆ 9ಕ್ಕೆ ಇಳಿಯಿತು.

ಹಾಗೆಂದು ಗೊರಕೆಯವರಿಗೆಲ್ಲ ಇದು ಆಗಿಬರುವುದಿಲ್ಲ. ಆ 126 ಮಂದಿಯೂ ಜರಡಿ ಹಿಡಿದು ಆರಿಸಿದವರೇ! ಸಿಪ್ಯಾಪ್ ವಿಫಲವಾಗಿರಬೇಕು. ಬೊಜ್ಜು ಮಿತಿಯಲ್ಲಿರಬೇಕು. ಮೆದುಳಿನಿಂದಲೇ ಅಪ್ಪಣೆ ಬಾರದೆ ಉಸಿರು ನಿಲ್ಲುವ ಬೇರೊಂದು ಬಗೆಯೇ ಹೆಚ್ಚಾಗಿದ್ದರೆ ನಾಲಿಗೆ ಸರಿಸಿ ಪ್ರಯೋಜನವಿಲ್ಲ. ಗಂಟೆಗೆ ಎಷ್ಟು ಅಡಚಣೆ ಎಂಬ ಲೆಕ್ಕದ ಮೇಲ್ಮಿತಿ ಮೊದಲು 65 ಇತ್ತು. 2023ರಲ್ಲಿ ಅಮೆರಿಕದಲ್ಲಿ ಅದನ್ನು 100ಕ್ಕೆ ಏರಿಸಲಾಯಿತು.

ಕೊನೆಯ ಪರೀಕ್ಷೆ ಸ್ವಾರಸ್ಯಕರ. ಔಷಧಿಯಿಂದ ನಿದ್ದೆ ಬರಿಸಿ, ಮೂಗಿನ ಮೂಲಕ ಸಣ್ಣ ದರ್ಶಕ ನಳಿಕೆ ಇಳಿಸಿ ಗಂಟಲು ಮುಚ್ಚುವ ಬಗೆಯನ್ನು ನೋಡುತ್ತಾರೆ. ಅಂಗುಳ ಹಿಂದಕ್ಕೆ ಕುಸಿಯುತ್ತಿದ್ದರೆ, ನಾಲಿಗೆ ಮುಂದೆ ಬರುವಾಗ ಅದನ್ನೂ ಎಳೆದುಕೊಂಡು ಬಂದೀತು. ಎಲೆಯಡಿಕೆ ಸಂಚಿಯ ದಾರ ಎಳೆದಂತೆ ಸುತ್ತಲಿಂದಲೂ ಮುಚ್ಚಿಕೊಂಡರೆ? ಅಂಥವರಿಗೆ ಈ ಯಂತ್ರ ಸೂಕ್ತವಲ್ಲ. ಆಯ್ಕೆ ತಪ್ಪಿದರೆ ಗಾಯ, ಖರ್ಚು ಎರಡೂ ದಂಡ.

ಇಷ್ಟೆಲ್ಲ ಜರಡಿಗೂ ಮುಂಚಿನ ತಪಾಸಣೆ ಮನೆಯಲ್ಲೇ ಆಗಬೇಕು. ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಕೇಳಿಸದು; ಅದು ನಿಂತದ್ದೂ ತಿಳಿಯದು. ಪಕ್ಕದಲ್ಲಿ ಮಲಗಿದವರು ನಕ್ಕು ಮಗ್ಗುಲು ಬದಲಿಸದೆ ಒಮ್ಮೆ ಕಿವಿಗೊಟ್ಟು ಕೇಳಲಿ. ಉಸಿರು ನಿಲ್ಲುತ್ತಿದ್ದರೆ ಬೆಳಿಗ್ಗೆಯೇ ವೈದ್ಯರಿಗೆ ಹೇಳಲಿ.