ನಿಮಗಿದು ಗೊತ್ತೇ? ದ್ವೀಪಕ್ಕೊಂದು ಕಲ್ಲುನೊಣ

ಕಾಡುಹೊಳೆಯ ಕಲ್ಲಿನಡಿ ಬೆಳೆಯುವ ಸ್ಟೋನ್‌ಫ್ಲೈ ಎಂಬ ಕೀಟವನ್ನು ಕಲ್ಲುನೊಣ ಎನ್ನೋಣ. ಫಿಲಿಪ್ಪೀನ್ಸ್, ಬೋರ್ನಿಯೊ, ಸುಮಾತ್ರ, ಜಾವಾಗಳಂಥ ಬಿಸಿನಾಡಿನ ದ್ವೀಪಗಳಲ್ಲಿ ಇದರ ಹೊಸ ಪ್ರಭೇದಗಳು ಇಂದಿಗೂ ಬೆಳಕಿಗೆ ಬರುತ್ತಿವೆ. ನೋಡಲು ಎಲ್ಲವೂ ಒಂದೇ. ಹಾಗಿದ್ದ ಮೇಲೆ ಇದು ಹೊಸದು, ಅದು ಹಳೆಯದು ಎಂದು ವಿಜ್ಞಾನಿಗಳು ಹೇಳುವುದು ಹೇಗೆ?

ಮೊದಲು ಪರಿಚಯ

● ಹೆಸರಿನಲ್ಲಿ ನೊಣವಿದೆ, ಆದರೆ ಇದು ನೊಣವಲ್ಲ. ನೊಣಕ್ಕೆ ಎರಡು ರೆಕ್ಕೆ, ಕಲ್ಲುನೊಣಕ್ಕೆ ನಾಲ್ಕು. ಕೂತಾಗ ಅವನ್ನು ಬೆನ್ನ ಮೇಲೆ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ.

● 1758ರಲ್ಲಿ ಲಿನೇಯಸ್ ತನಗೆ ಗೊತ್ತಿದ್ದ ಕಲ್ಲುನೊಣಗಳನ್ನು ಬೇರೊಂದು ನೀರುಕೀಟದ ಗುಂಪಿನೊಳಗೆ ಸೇರಿಸಿದ್ದ. ಅವಕ್ಕೆ ಪ್ಲೆಕಾಪ್ಟೆರ ಎಂಬ ಸ್ವಂತ ಗಣ ಸಿಕ್ಕಿದ್ದು 1839ರಲ್ಲಿ, ಜರ್ಮನಿಯ ಹರ್ಮನ್ ಬರ್ಮೈಸ್ಟರ್ ಅವರಿಂದ.

● 2008ರ ಜಾಗತಿಕ ಲೆಕ್ಕದಲ್ಲಿ 16 ಕುಟುಂಬಗಳು, 3497 ಪ್ರಭೇದಗಳಿದ್ದವು. ಆಮೇಲೆ ಪಟ್ಟಿ ಬೆಳೆಯುತ್ತಲೇ ಇದೆ. ಅಂಟಾರ್ಕ್ಟಿಕಾ ಬಿಟ್ಟು ಉಳಿದೆಲ್ಲ ಖಂಡಗಳಲ್ಲೂ ಇವು ಇವೆ.

● ಹೊಳೆಯಲ್ಲಿ ಇದರ ಮರಿಯನ್ನು ಗುರುತಿಸುವುದು ಕಷ್ಟವಲ್ಲ. ಹಿಂಬದಿಯಲ್ಲಿ ಎರಡು ಉದ್ದನೆಯ ಕಡ್ಡಿಬಾಲ, ಪ್ರತಿ ಕಾಲಿನ ತುದಿಯಲ್ಲಿ ಎರಡು ಉಗುರು. ಅದೇ ನೀರಿನಲ್ಲಿರುವ ಮೇಫ್ಲೈ ಮರಿಗೆ ಸಾಮಾನ್ಯವಾಗಿ ಮೂರು ಬಾಲ, ಕಾಲಿಗೆ ಒಂದೇ ಉಗುರು.

● ಕಲ್ಲುನೊಣಗಳ ಪರ್ಲಿಡೆ ಎಂಬ ಕುಟುಂಬದ ಮರಿಗಳು ಬೇಟೆಗಾರರು. ಕಲ್ಲುಗಳ ಸಂದಿಯಲ್ಲಿ ಹರಿದಾಡುತ್ತ ಸಣ್ಣ ನೀರುಹುಳುಗಳನ್ನು ಹಿಡಿದು ತಿನ್ನುತ್ತವೆ. ಉಸಿರಾಟಕ್ಕೆ ಎದೆಯ ಬದಿಯಲ್ಲಿ ಕುಚ್ಚಿನಂಥ ಕಿವಿರುಗಳಿವೆ.

● ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 25 ಡಿಗ್ರಿಯಲ್ಲಿ ಸುಮಾರು 8 ಮಾತ್ರ. ಆದ್ದರಿಂದಲೇ ಬಿಸಿನಾಡಿನಲ್ಲಿ ಕಲ್ಲುನೊಣ ಹುಡುಕುವವರು ಮರಗಳ ನೆರಳಿನಲ್ಲಿ, ಕಲ್ಲಿಗೆ ಬಡಿದು ನೊರೆಯೇಳುವ ತೊರೆಗಳಿಗೇ ಹೋಗುತ್ತಾರೆ.

ದ್ವೀಪಗಳ ಲೆಕ್ಕವೇ ಬೇರೆ

● ಕಲ್ಲುನೊಣ ಹಾರುವುದರಲ್ಲಿ ದುರ್ಬಲ. ಮೊಟ್ಟೆ ಒಡೆಯಲೂ ಮರಿ ಬೆಳೆಯಲೂ ಸಾಮಾನ್ಯವಾಗಿ ಹರಿಯುವ ಸಿಹಿನೀರೇ ಬೇಕು. ಅದಕ್ಕೆ ಸಮುದ್ರ ಗೋಡೆಯೇ ಸರಿ. ಹಾಗಾಗಿ ದ್ವೀಪವೊಂದರಲ್ಲಿ ಕಲ್ಲುನೊಣ ಇದೆಯೋ ಇಲ್ಲವೋ ಎಂಬುದರಲ್ಲಿ ಆ ನೆಲದ ಇತಿಹಾಸವೂ ಅಡಗಿರುತ್ತದೆ.

● ಹವಾಯಿಯಲ್ಲಿ ಮಳೆಗೂ ಕೊರತೆಯಿಲ್ಲ, ಬೆಟ್ಟದ ತೊರೆಗೂ ಕೊರತೆಯಿಲ್ಲ. ಆದರೂ ಅಲ್ಲಿನ ಮೂಲನಿವಾಸಿ ಎನ್ನುವ ಕಲ್ಲುನೊಣ ಒಂದೂ ಇಲ್ಲ. ಸಾಗರದ ನಡುವೆ ಜ್ವಾಲಾಮುಖಿಯಿಂದ ಎದ್ದ ಆ ನೆಲ ಯಾವ ಖಂಡಕ್ಕೂ ಎಂದೂ ಅಂಟಿಕೊಂಡಿರಲಿಲ್ಲ.

● ಕೆರಿಬಿಯನ್ನಿನ ಟ್ರಿನಿಡಾಡ್‌ನಲ್ಲಿ ಅನಾಕ್ರೊನ್ಯೂರಿಯ ಕುಲದ ಕಲ್ಲುನೊಣಗಳಿವೆ. ಅದು ವೆನೆಜುವೆಲಾದ ಮಗ್ಗುಲಲ್ಲೇ ಇರುವ, ಹಿಂದೆ ಅದಕ್ಕೆ ಸೇರಿಯೇ ಇದ್ದ ನೆಲ. ಅಮೆರಿಕದ ಬಿಸಿನಾಡಿನಲ್ಲೆಲ್ಲ ಹರಡಿರುವ ಈ ಕುಲ ಅಲ್ಲಿಗೆ ಬರಲು ಕಡಲು ದಾಟಬೇಕಾಗಿರಲಿಲ್ಲ.

● ಅದೇ ಕೆರಿಬಿಯನ್ನಿನ ಹಿಸ್ಪಾನಿಯೋಲಾ ದ್ವೀಪದ ಕಥೆ ನೋಡಿ. ಇಂದು ಅಲ್ಲಿ ಜೀವಂತ ಕಲ್ಲುನೊಣ ಕಂಡುಬಂದಿಲ್ಲ. ಆದರೆ ಅಲ್ಲಿನ ಡೊಮಿನಿಕನ್ ಅಂಬರಿನಲ್ಲಿ, ಅಂದರೆ ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಗಟ್ಟಿಯಾದ ಮರದ ಅಂಟಿನೊಳಗೆ, ಒಂದು ಕಲ್ಲುನೊಣ ಸಿಕ್ಕಿತು. 1992ರಲ್ಲಿ ಅದಕ್ಕೆ ಡೊಮಿನಿಪರ್ಲ ಆಂಟಿಗ್ವ ಎಂದು ಹೆಸರಾಯಿತು. ಒಂದು ಕಾಲದಲ್ಲಿ ಇದ್ದದ್ದು ಅಳಿದುಹೋಯಿತು ಎನ್ನುವುದಕ್ಕೆ ಈಗ ಅದೊಂದೇ ಸಾಕ್ಷಿ.

● ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಬಲವಾಗಿದ್ದಾಗ, ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಸುಮಾತ್ರ, ಜಾವಾ, ಬೋರ್ನಿಯೊ ಮೂರೂ ಏಷ್ಯಾದ ನೆಲಕ್ಕೆ ಸೇರಿಕೊಂಡಿದ್ದವು. ಈ ಮೂರರ ಕಲ್ಲುನೊಣಗಳಿಗೆ ಮಲಯ ಪರ್ಯಾಯದ್ವೀಪದಲ್ಲಿ ನೆಂಟರಿರುವುದು ಅದರಿಂದಲೇ.

● ಫಿಲಿಪ್ಪೀನ್ಸಿನ ಮಿಂಡೊರೊ ದ್ವೀಪ ಆಗಲೂ ಒಂಟಿಯಾಗಿಯೇ ಇತ್ತು. ಸುತ್ತಲಿನ ಕಡಲು ಅಷ್ಟು ಆಳ. ತಮರಾವ್ ಎಂಬ ಗಿಡ್ಡ ಕಾಡೆಮ್ಮೆ ಜಗತ್ತಿನಲ್ಲಿ ಅಲ್ಲಿ ಮಾತ್ರ ಇದೆ. ಇಂಥ ದ್ವೀಪದ ತೊರೆಗಳಲ್ಲಿ ಬೇರೆಲ್ಲೂ ಇಲ್ಲದ ಕೀಟ ಸಿಕ್ಕರೆ ಅಚ್ಚರಿಯಿಲ್ಲ. 7,641 ದ್ವೀಪಗಳಿರುವ ಆ ದೇಶದಲ್ಲಿ ಹುಡುಕಲು ಇನ್ನೆಷ್ಟು ತೊರೆಗಳಿವೆ, ಯೋಚಿಸಿ.

● ಮಡಗಾಸ್ಕರಿನ ಕಲ್ಲುನೊಣಗಳು ನೋಟೊನೆಮೌರಿಡೆ ಕುಟುಂಬದವು. ಈ ಕುಟುಂಬದ ಉಳಿದ ಬಳಗ ಇರುವುದು ದಕ್ಷಿಣ ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ. ಈಗ ಸಾಗರಗಳು ಬೇರ್ಪಡಿಸಿರುವ ಈ ನೆಲಗಳೆಲ್ಲ ಹಿಂದೆ ಗೊಂಡ್ವಾನ ಎಂಬ ಒಂದೇ ಮಹಾಖಂಡದ ಭಾಗಗಳಾಗಿದ್ದವು.

ಒಂದೇ ಥರ ಕಾಣುವವನ್ನು ಬೇರ್ಪಡಿಸುವುದು

● ಏಷ್ಯಾದ ಬಿಸಿನಾಡಿನ ದ್ವೀಪಗಳಲ್ಲಿ ಹೆಚ್ಚು ಸಿಗುವ ಕುಲ ನಿಯೋಪರ್ಲ. ಅಮೆರಿಕದ ಜೇಮ್ಸ್ ನೀಡಮ್ 1905ರಲ್ಲಿ ಇದನ್ನು ಸ್ಥಾಪಿಸಿದರು. ಏಷ್ಯಾ, ಆಫ್ರಿಕ, ಉತ್ತರ ಅಮೆರಿಕಗಳಲ್ಲಿ ಸೇರಿ 200ಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ಹಳದಿ, ಕಂದು ಬಣ್ಣದವು. ಬರಿಗಣ್ಣಿಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುವುದೇ ಇಲ್ಲ.

● ಕುಲ ಯಾವುದೆಂದು ತಿಳಿಯಲು ಮೊದಲು ನೆತ್ತಿ ನೋಡುತ್ತಾರೆ. ದೊಡ್ಡ ಕಣ್ಣುಗಳ ನಡುವೆ ಪುಟ್ಟ ಸರಳ ಕಣ್ಣುಗಳಿರುತ್ತವೆ. ಪರ್ಲಿಡೆ ಕುಟುಂಬದ ಅನೇಕ ಕುಲಗಳಲ್ಲಿ ಅವು ಮೂರು, ನಿಯೋಪರ್ಲದಲ್ಲಿ ಎರಡೇ.

● ಪ್ರಭೇದ ತಿಳಿಯಲು ಗಂಡಿನ ಹೊಟ್ಟೆಯ ತುದಿಗೆ ಹೋಗಬೇಕು. ಏಳನೆಯ ಖಂಡದ ಬೆನ್ನಿನ ಮೇಲೆ ಒಂದು ಉಬ್ಬು, ಹತ್ತನೆಯ ಖಂಡದಲ್ಲಿ ಕೊಕ್ಕೆಯಂಥ ಒಂದು ಜೋಡಿ ಚಾಚು. ಆ ಉಬ್ಬಿನ ಅಂಚು ದುಂಡಗಿದೆಯೇ, ಚೂಪಾಗಿದೆಯೇ, ಮೇಲೆ ಮುಳ್ಳುಗಳಿವೆಯೇ ಎಂಬುದನ್ನೆಲ್ಲ ಬರೆದಿಡುತ್ತಾರೆ.

● ಅದೂ ಸಾಲದು. ಕೊನೆಯ ತೀರ್ಪು ಬರುವುದು ಗಂಡಿನ ಜನನಾಂಗದಿಂದ. ಗಟ್ಟಿಯಾದ ಒಂದು ಕೊಳವೆ, ಅದರೊಳಗೆ ಮಡಚಿಕೊಂಡ ಮೆತ್ತನೆಯ ಚೀಲ. ಚೀಲ ಹೊರಚಾಚಿದಾಗ ಅದರ ಮೇಲೆ ಸಣ್ಣ ಮುಳ್ಳುಗಳು ಕಾಣುತ್ತವೆ. ಮುಳ್ಳುಗಳ ಗಾತ್ರ, ಸಾಲು, ಎಲ್ಲಿಂದ ಎಲ್ಲಿಯವರೆಗೆ ಹರಡಿವೆ ಎಂಬುದು ಪ್ರಭೇದದಿಂದ ಪ್ರಭೇದಕ್ಕೆ ಬೇರೆ.

● ಆ ಚೀಲವನ್ನು ಹೊರಗೆ ತರುವುದು ಕೈಚಳಕದ ಕೆಲಸ. ಕೀಟ ಆಗಷ್ಟೇ ಸಿಕ್ಕಿದ್ದರೆ ಹೊಟ್ಟೆಯನ್ನು ಹಗುರಾಗಿ ಒತ್ತಿ ಹೊರಬರಿಸುತ್ತಾರೆ. ಹಳೆಯ ಮಾದರಿಯಾದರೆ ಹೊಟ್ಟೆಯ ತುದಿಯನ್ನು ಬಿಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಒಳಗಿನ ಮಾಂಸ ಕರಗಿಸಿ, ಸೂಕ್ಷ್ಮದರ್ಶಕದ ಕೆಳಗೆ ತೆಳ್ಳನೆಯ ಚಿಮುಟದಿಂದ ಎಳೆಯುತ್ತಾರೆ. ಚೂರು ತಪ್ಪಿದರೂ ಇರುವ ಒಂದೇ ಮಾದರಿ ಹಾಳು.

● ಹೆಣ್ಣಿನ ಗುರುತು ಮೊಟ್ಟೆಯಲ್ಲಿದೆ! ರಾಗಿಕಾಳಿಗಿಂತ ಚಿಕ್ಕದಾದ ಆ ಮೊಟ್ಟೆಯ ಚಿಪ್ಪಿನ ಮೇಲೆ ಗೆರೆ, ಗುಳಿ, ಏಣುಗಳ ಕೆತ್ತನೆ ಇರುತ್ತದೆ. ಹರಿಯುವ ನೀರಿನಲ್ಲಿ ಕಲ್ಲಿಗೆ ಅಂಟಿಕೊಳ್ಳಲು ಒಂದು ತುದಿಯಲ್ಲಿ ಹಿಡಿಕೆಯಿದೆ. ಗಂಡುಗಳನ್ನು ನೋಡಿ ಒಂದೇ ಪ್ರಭೇದವೆಂದುಕೊಂಡವು ಮೊಟ್ಟೆಯ ಚಿಪ್ಪು ನೋಡಿದ ಮೇಲೆ ಎರಡಾಗಿರುವುದುಂಟು.

● ಈ ಕೆತ್ತನೆಯನ್ನು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಅದು ಮಾರುಕಟ್ಟೆಗೆ ಬಂದದ್ದು 1965ರಲ್ಲಿ. ಅದಕ್ಕೂ ಮೊದಲಿನ ವರ್ಣನೆಗಳಲ್ಲಿ ಚಿಪ್ಪಿನ ಇಷ್ಟು ವಿವರ ನಿರೀಕ್ಷಿಸುವಂತಿಲ್ಲ.

● ಹತ್ತೊಂಬತ್ತನೆಯ ಶತಮಾನದವರು, ಇಪ್ಪತ್ತನೆಯ ಶತಮಾನದ ಆರಂಭದವರು ಹೆಚ್ಚಾಗಿ ಬಣ್ಣ, ರೆಕ್ಕೆ, ಗಾತ್ರಗಳನ್ನೇ ನಂಬಿ ಹೆಸರಿಟ್ಟಿದ್ದರು. ಹಾಗಾಗಿ ಈಗ ಹೊಸದೊಂದು ಪ್ರಭೇದ ಸಾರಬೇಕಾದರೆ ಮೊದಲು ವಸ್ತುಸಂಗ್ರಹಾಲಯಗಳಿಗೆ ಹೋಗಿ ಆ ಹಳೆಯ ಮಾದರಿಗಳನ್ನು ತೆಗೆಸಿ ನೋಡಬೇಕು. ಕಾಡಿನ ಕೆಲಸಕ್ಕಿಂತ ಈ ಕೆಲಸವೇ ಉದ್ದ.

● ಜರ್ಮನಿಯ ಪೀಟರ್ ಜ್ವಿಕ್ ಅಂಥ ತಾಳ್ಮೆಯ ಕೆಲಸಕ್ಕೆ ದೊಡ್ಡ ಹೆಸರು. ಸುಮಾತ್ರ ಮತ್ತು ಜಾವಾದ ನಿಯೋಪರ್ಲಗಳನ್ನು 1983ರಲ್ಲಿ, ಬೋರ್ನಿಯೊದವನ್ನು 1986ರಲ್ಲಿ ಅವರು ಪರಿಷ್ಕರಿಸಿ ಪ್ರಕಟಿಸಿದರು. ಫಿಲಿಪ್ಪೀನ್ಸಿನ ನಿಯೋಪರ್ಲಗಳ ಅಧ್ಯಯನ 1984ರಲ್ಲಿ ಬಂದದ್ದು ಸ್ಲೊವೇನಿಯದ ಇಗ್ನಾಟ್ಸ್ ಸಿವೆಟ್ಸ್ ಅವರಿಂದ.

● ಆಫ್ರಿಕದ ನಿಯೋಪರ್ಲಗಳನ್ನು ಬಹುಕಾಲ ನಿಯೋಪರ್ಲ ಸ್ಪಿಯೊ ಎಂಬ ಒಂದೇ ಹೆಸರಿನಡಿ ಇಟ್ಟಿದ್ದರು. ಗಂಡಿನ ಅಂಗ, ಮೊಟ್ಟೆಗಳನ್ನು ಪರೀಕ್ಷಿಸಿದಾಗ ಆ ಒಂದು ಹೆಸರಿನೊಳಗೆ ಹಲವು ಪ್ರಭೇದಗಳಿರುವುದು ತಿಳಿಯಿತು.

● ಇನ್ನೊಂದು ತೊಡಕು: ಹೊಳೆಯಲ್ಲಿ ಸಿಗುವ ಮರಿ ಯಾವ ಪ್ರಭೇದದ್ದು? ಅದರಲ್ಲಿ ಗಂಡಿನ ಅಂಗವೂ ಬೆಳೆದಿಲ್ಲ, ಮೊಟ್ಟೆಯೂ ಇಲ್ಲ. ಒಂದೋ ಸಾಕಿ ದೊಡ್ಡದು ಮಾಡಬೇಕು, ಇಲ್ಲವೇ ಡಿಎನ್‌ಎ ನೋಡಬೇಕು. ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳ ತುಣುಕನ್ನು ಪ್ರಭೇದದ ಗುರುತಾಗಿ ಬಳಸಬಹುದೆಂದು ಕೆನಡಾದ ಪಾಲ್ ಹೀಬರ್ಟ್ ತಂಡ 2003ರಲ್ಲಿ ಮುಂದಿಟ್ಟಿತು.

● ಆ ಬಗೆ ಮಿಂಡೊರೊದಲ್ಲಿ ಕೆಲಸಕ್ಕೆ ಬಂತು. 2020ರಲ್ಲಿ ಪೆಲಿಂಗೆನ್ ಮತ್ತು ಫ್ರೈಟಾಗ್ ಎಂಬ ಸಂಶೋಧಕರು ಅಲ್ಲಿಂದ ನಿಯೋಪರ್ಲ ಮಿಂಡೊರೊಎನ್ಸಿಸ್ ಎಂಬ ಹೊಸ ಪ್ರಭೇದವನ್ನು ವರ್ಣಿಸಿದರು. ಅದೇ ಲೇಖನದಲ್ಲಿ ಸಿಒಐ ತುಣುಕುಗಳ ನೆರವಿನಿಂದ ಆ ದ್ವೀಪದ ಕಲ್ಲುನೊಣಗಳ ಮರಿ ಮತ್ತು ಪ್ರೌಢ ಹಂತಗಳನ್ನು ಜೋಡಿಸಿ ತೋರಿಸಿದರು. ಹೆಸರಿಲ್ಲದೆ ಉಳಿಯಬಹುದಾಗಿದ್ದ ಮರಿಗಳಿಗೂ ಹೀಗೆ ಗುರುತು ಸಿಕ್ಕಿತು.

● ಕಲ್ಲುನೊಣದ ಮೈ ಮೆತ್ತಗೆ. ಚಿಟ್ಟೆಯಂತೆ ಸೂಜಿಗೆ ಚುಚ್ಚಿ ಒಣಗಿಸಿದರೆ ಮುದುಡಿಹೋಗುತ್ತದೆ. ಅದಕ್ಕೇ ಅದನ್ನು ಆಲ್ಕೊಹಾಲಿನ ಸೀಸೆಯಲ್ಲಿ ಇಡುತ್ತಾರೆ. ಡಿಎನ್‌ಎ ಬೇಕಿದ್ದರೆ 95 ಶೇಕಡದಷ್ಟು ಗಾಢ ಆಲ್ಕೊಹಾಲ್ ಬೇಕು.

● ಬಿಸಿನಾಡಿನ ನಿಯೋಪರ್ಲಗಳು ಇರುಳಲ್ಲಿ ಹಾರುವಂಥವು. ಹೊಳೆಯ ದಂಡೆಯಲ್ಲಿ ಬಿಳಿ ಬಟ್ಟೆ ಕಟ್ಟಿ, ಅತಿನೇರಳೆ ದೀಪ ಹಚ್ಚಿ ಕಾಯುವುದು ಸಂಗ್ರಾಹಕರ ರೂಢಿ.

ಹೆಸರಿಡುವುದಕ್ಕೂ ನಿಯಮವಿದೆ

● ಹೊಸ ಪ್ರಭೇದದ ಹೆಸರು ಒಂದೇ ಒಂದು ಮಾದರಿಗೆ ಅಂಟಿಕೊಂಡಿರುತ್ತದೆ. ಅದು ಹೋಲೊಟೈಪ್. 2000ದಿಂದ ಈಚೆಗೆ ಹೆಸರಿಡುವವರು ಮಾದರಿ ಯಾವುದೆಂದು ಸ್ಪಷ್ಟವಾಗಿ ಹೇಳಬೇಕು, ಅದು ಯಾವ ಸಂಗ್ರಹದಲ್ಲಿರುತ್ತದೆ ಎಂದೂ ಬರೆಯಬೇಕು. ನೂರು ವರ್ಷದ ನಂತರ ಯಾರಿಗಾದರೂ ಸಂಶಯ ಬಂದರೆ ಅದನ್ನೇ ತೆಗೆದು ನೋಡಬಹುದು.

● ಒಂದೇ ಪ್ರಭೇದಕ್ಕೆ ಇಬ್ಬರು ಬೇರೆ ಬೇರೆ ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದೇ ಉಳಿಯುತ್ತದೆ. ಪ್ರಾಣಿಗಳ ಹೆಸರಿನ ಈ ಲೆಕ್ಕ 1758ರಿಂದ ಶುರು.

● ಅಂತರಜಾಲದಲ್ಲಷ್ಟೇ ಪ್ರಕಟವಾದ ಹೆಸರುಗಳಿಗೂ 2012ರಿಂದ ಮಾನ್ಯತೆ ಇದೆ. ಆದರೆ ಆ ಪ್ರಕಟಣೆ ಜೂಬ್ಯಾಂಕ್ ಎಂಬ ದಾಖಲೆಯಲ್ಲಿ ನೋಂದಣಿಯಾಗಿರಲೇಬೇಕು.

● ಕಲ್ಲುನೊಣಗಳಿಗೆಂದೇ ಮೀಸಲಾದ ಒಂದು ಸಂಶೋಧನಾ ಪತ್ರಿಕೆ ಇದೆ. ಹೆಸರು ಇಲಿಯೇಸಿಯ, ಆರಂಭ 2005ರಲ್ಲಿ. ಈ ಕೀಟಗಳ ವಂಶಾವಳಿಯನ್ನೂ ಭೂಗೋಳವನ್ನೂ ಒಟ್ಟಿಗೆ ಓದಿದ ಜರ್ಮನ್ ವಿಜ್ಞಾನಿ ಜೋಅಕಿಮ್ ಇಲಿಯೇಸ್ ಅವರ ನೆನಪಿಗೆ ಆ ಹೆಸರು.

ಹೆಸರಿನಿಂದ ಏನು ಲಾಭ?

● ಹೊಳೆಯ ಆರೋಗ್ಯ ಅಳೆಯಲು ಬ್ರಿಟನ್ನಿನಲ್ಲಿ ರೂಪಿಸಿದ ಅಂಕಪದ್ಧತಿಯಲ್ಲಿ ನೀರಿನ ಸಣ್ಣ ಜೀವಿಗಳ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕ. ಕೊಳಕು ತಾಳಿಕೊಳ್ಳಲಾರದ ಪರ್ಲಿಡೆಗೆ ಪೂರ್ತಿ 10.

● ಕಾಡು ಕಡಿದರೆ ತೊರೆಗೆ ಎರಡು ಪೆಟ್ಟು. ನೆರಳು ಹೋಗಿ ನೀರು ಬಿಸಿಯಾಗುತ್ತದೆ, ಕೊಚ್ಚಿಬಂದ ಮಣ್ಣು ಕಲ್ಲುಗಳ ಸಂದಿ ಮುಚ್ಚುತ್ತದೆ. ಕಲ್ಲುನೊಣದ ಮರಿಗೆ ಉಸಿರೂ ಮನೆಯೂ ಒಟ್ಟಿಗೆ ಹೋಗುತ್ತವೆ. ಒಂದೇ ದ್ವೀಪದಲ್ಲಿರುವ ಪ್ರಭೇದಕ್ಕೆ ಓಡಿಹೋಗಲು ಬೇರೆ ಜಾಗವಿಲ್ಲ.

● ಹೆಸರಿಲ್ಲದ ಜೀವಿಯನ್ನು ಸಂರಕ್ಷಣಾ ಪಟ್ಟಿಗೆ ಸೇರಿಸುವುದು ಬಲು ಕಷ್ಟ. ಅದು ಅಳಿದರೆ ಅಳಿದದ್ದೂ ದಾಖಲಾಗದು. ಮೊಟ್ಟೆಯ ಚಿಪ್ಪಿನ ಗೆರೆ ಎಣಿಸುವ ವಿಜ್ಞಾನಿಯ ಕೆಲಸ ನಿಜಕ್ಕೂ ರಕ್ಷಣೆಯ ಮೊದಲ ಹೆಜ್ಜೆ.

● ನಮ್ಮ ಪಶ್ಚಿಮಘಟ್ಟದ ತೊರೆಗಳಲ್ಲೂ ನಿಯೋಪರ್ಲ ಇದೆ. ದಕ್ಷಿಣ ಭಾರತದ ಕಲ್ಲುನೊಣಗಳ ಪಟ್ಟಿಯೂ ಮುಗಿದಿಲ್ಲ: ನೆರೆಯ ತಮಿಳುನಾಡಿನಿಂದ ನಿಯೋಪರ್ಲ ಬೈಸೀರಿಯೇಟ ಎಂಬ ಹೊಸ ಪ್ರಭೇದ ವರ್ಣನೆಯಾದದ್ದು 2007ರಲ್ಲಷ್ಟೇ. ಕೊಡಗು, ಮಲೆನಾಡುಗಳ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವವರಿಗೆ ಹತ್ತಿರದ ಹಳ್ಳವೇ ಸಂಶೋಧನೆಯ ವಿಷಯವಾಗಬಹುದು. ಅದಕ್ಕೆ ಬೇಕಾದದ್ದು ಅರಣ್ಯ ಇಲಾಖೆಯ ಅನುಮತಿ, ಒಂದು ಸೂಕ್ಷ್ಮದರ್ಶಕ, ಹಳೆಯ ವರ್ಣನೆಗಳನ್ನು ಓದುವ ತಾಳ್ಮೆ. ಉಳಿದ ನಾವೆಲ್ಲ ಮಾಡಬಹುದಾದದ್ದೂ ಇದೆ: ಹಳ್ಳದ ದಂಡೆಯ ಮರ ಕಡಿಯಲು ಬಿಡದಿರುವುದು, ನೋಡಲೆಂದು ಎತ್ತಿದ ಕಲ್ಲನ್ನು ಇದ್ದ ಹಾಗೆಯೇ ಮರಳಿ ಇಡುವುದು.