ಸಾಕುಪ್ರಾಣಿಗಳ ಕಣ್ಣಿನ ತೊಂದರೆ: ಮನೆಯಲ್ಲಿರುವ ಡ್ರಾಪ್ಸ್ ಹಾಕುವ ಮುನ್ನ

ಬೆಳಿಗ್ಗೆ ಎದ್ದಾಗ ಮನೆಯ ನಾಯಿ ಒಂದು ಕಣ್ಣನ್ನು ಅರ್ಧ ಮುಚ್ಚಿಕೊಂಡಿದೆ. ಕಣ್ಣು ಕೆಂಪಾಗಿದೆ, ನೀರು ಸುರಿಯುತ್ತಿದೆ, ಆಗಾಗ ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತಿದೆ. ಅಜ್ಜನಿಗೆ ಪೊರೆಯ ಆಪರೇಷನ್ ಆದಾಗ ತಂದ ಡ್ರಾಪ್ಸ್ ಇನ್ನೂ ಫ್ರಿಜ್ಜಿನಲ್ಲಿದೆ. ಎರಡು ಹನಿ ಹಾಕಿದರೆ ಸರಿಹೋದೀತು ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಾರೆ. ಕರುಣೆಯಿಂದ ಹಾಕಿದ ಆ ಎರಡು ಹನಿಯಿಂದಲೇ ನಾಯಿ ಕಣ್ಣು ಕಳೆದುಕೊಳ್ಳಬಹುದು.

ಪೊರೆಯ ಆಪರೇಷನ್ ನಂತರ ಕೊಡುವ ಹನಿಗಳಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್ ಎಂದು ಬರೆದಿದ್ದರೆ ಅದು ಸ್ಟೀರಾಯ್ಡ್. ನಾಯಿಯ ಕಣ್ಣು ಹೀಗೆ ಕಿರಿದಾಗಿ ನೀರು ಸುರಿಸಲು ಸಾಮಾನ್ಯ ಕಾರಣಗಳಲ್ಲೊಂದು ಕಾರ್ನಿಯಾದ ಮೇಲಿನ ಗಾಯ. ಕಣ್ಣಿನ ಮುಂಭಾಗದ ಗಾಜಿನಂಥ ಪದರವೇ ಕಾರ್ನಿಯಾ. ಬೆಕ್ಕಿನ ಉಗುರು, ಒಣಹುಲ್ಲಿನ ಕಡ್ಡಿ, ಸ್ನಾನದ ಸೋಪು, ಒಳಮುಖವಾಗಿ ಬೆಳೆದ ರೆಪ್ಪೆಗೂದಲು, ಯಾವುದರಿಂದಲಾದರೂ ಅದು ಗೀಚಿಹೋಗಬಹುದು. ಸಣ್ಣ ಗಾಯವಾದರೆ ಕೆಲವೇ ದಿನಗಳಲ್ಲಿ ಮಾಯುತ್ತದೆ. ಸೋಂಕು ತಗುಲಿದರೆ ಹುಣ್ಣಾಗಿ ಆಳಕ್ಕಿಳಿಯುತ್ತದೆ. ಸ್ಟೀರಾಯ್ಡ್ ಬಿದ್ದರೆ ಗಾಯ ಮಾಯುವುದು ನಿಧಾನವಾಗಿ ಸೋಂಕಿಗೆ ದಾರಿಯಾಗುತ್ತದೆ. ಕಣ್ಣು ತೂತಾಗುವ ಮಟ್ಟಕ್ಕೂ ಹೋಗಬಹುದು. ಮೋಸವೆಂದರೆ, ಸ್ಟೀರಾಯ್ಡ್ ಹಾಕಿದ ಮೊದಲ ದಿನ ಕೆಂಪು ಕಡಿಮೆಯಾದಂತೆ ಕಾಣುತ್ತದೆ.

ಪಶುವೈದ್ಯರು ಇದನ್ನು ಪತ್ತೆಹಚ್ಚುವ ವಿಧಾನ ಸರಳ. ಫ್ಲೋರೆಸೀನ್ ಎಂಬ ಬಣ್ಣವನ್ನು ಕಣ್ಣಿಗೆ ತಾಗಿಸಿ ನೀಲಿ ಬೆಳಕು ಬಿಟ್ಟರೆ ಗಾಯವಿರುವ ಜಾಗ ಹಸಿರಾಗಿ ಹೊಳೆಯುತ್ತದೆ. ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಅದಾದ ಮೇಲೆಯೇ ಯಾವ ಹನಿ ಎಂಬುದು ತೀರ್ಮಾನವಾಗಬೇಕು. ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪಿಸುರು ಒರೆಸುವುದು ಮತ್ತು ನಾಯಿ ಕಣ್ಣು ಕೆರೆದುಕೊಳ್ಳದಂತೆ ಕೊರಳಿಗೆ ಕೋನ್ ಹಾಕುವುದು. ಪಗ್, ಶಿಹ್ ತ್ಸು ಮುಂತಾದ ಚಪ್ಪಟೆ ಮುಖದ ತಳಿಗಳ ಕಣ್ಣು ಹೊರಚಾಚಿರುವುದರಿಂದ ಅವುಗಳಿಗೆ ಈ ಗಾಯ ಹೆಚ್ಚು. ಅವುಗಳ ವಿಷಯದಲ್ಲಿ ನಾಳೆ ನೋಡೋಣ ಎನ್ನುವುದು ಸಲ್ಲದು.

ದಿನವೂ ಅಂಟಂಟಾದ ಹಳದಿ ಪಿಸುರು ಕಟ್ಟುತ್ತಿದ್ದರೆ ಕಣ್ಣೀರು ಸಾಕಷ್ಟು ಬರುತ್ತಿಲ್ಲ ಎಂದಿರಬಹುದು. ಸಣ್ಣ ಕಾಗದದ ಪಟ್ಟಿಯನ್ನು ರೆಪ್ಪೆಯೊಳಗೆ ಇಟ್ಟು ನೋಡುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಒಂದು ನಿಮಿಷಕ್ಕೆ 15 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾಗುತ್ತದೆ. ಒಣಕಣ್ಣಿಗೆ ಸೈಕ್ಲೋಸ್ಪೋರಿನ್ ಮುಲಾಮು ಇದೆ, ಸಾಮಾನ್ಯವಾಗಿ ಜೀವನಪೂರ್ತಿ ಹಚ್ಚಬೇಕಾಗುತ್ತದೆ. ಮರಿನಾಯಿಯ ಕಣ್ಣಿನ ಮೂಲೆಯಲ್ಲಿ ಚೆರ್ರಿ ಹಣ್ಣಿನಂಥ ಕೆಂಪು ಗಂಟು ಕಾಣಿಸಿಕೊಂಡರೆ ಅದು ಮೂರನೆಯ ರೆಪ್ಪೆಯ ಗ್ರಂಥಿ ಜಾರಿ ಹೊರಬಂದದ್ದು. ಕಣ್ಣೀರಿನ ದೊಡ್ಡ ಪಾಲು ಆ ಗ್ರಂಥಿಯದೇ. ಕತ್ತರಿಸಿ ತೆಗೆದರೆ ಮುಂದೆ ಕಣ್ಣು ಒಣಗುವ ಸಾಧ್ಯತೆ ಹೆಚ್ಚಾದ್ದರಿಂದ, ಈಗ ಅದನ್ನು ಮತ್ತೆ ಒಳಗೆ ಕೂರಿಸಿ ಹೊಲಿಯುತ್ತಾರೆ.

ಕಣ್ಣು ಕೆಂಪಾಗಿ, ಮಂಜು ಕವಿದಂತಾಗಿ, ಪಾಪೆ ಹಿಗ್ಗಿ, ನಾಯಿ ಊಟ ಬಿಟ್ಟು ಮಂಕಾಗಿದ್ದರೆ ಗ್ಲಾಕೋಮಾ ಇರಬಹುದು. ಕಣ್ಣಿನ ಒತ್ತಡ ಏರಿದ ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದಾದ್ದರಿಂದ ಅದೇ ದಿನ ವೈದ್ಯರ ಬಳಿ ಒಯ್ಯಬೇಕು.

ಏಳೆಂಟು ವರ್ಷ ದಾಟಿದ ನಾಯಿಯ ಕಣ್ಣು ನೀಲಿಬೂದು ಬಣ್ಣಕ್ಕೆ ತಿರುಗಿದರೆ ಎಲ್ಲರೂ ಪೊರೆ ಬಂತು ಎನ್ನುತ್ತಾರೆ. ಹಲವು ಸಲ ಅದು ವಯಸ್ಸಿನಿಂದ ಮಸೂರ ಗಟ್ಟಿಯಾದದ್ದಷ್ಟೇ. ನಾಯಿಗೆ ಸಾಕಷ್ಟು ಚೆನ್ನಾಗಿಯೇ ಕಾಣುತ್ತದೆ. ನಿಜವಾದ ಪೊರೆ ಹಾಲಿನಂತೆ ಬೆಳ್ಳಗಿದ್ದು ಬೆಳಕನ್ನು ತಡೆಯುತ್ತದೆ. ಕೆಲವೇ ವಾರಗಳಲ್ಲಿ ಎರಡೂ ಕಣ್ಣು ಬೆಳ್ಳಗಾಗಿ, ನಾಯಿ ಹೆಚ್ಚು ನೀರು ಕುಡಿಯುತ್ತಿದ್ದರೆ ರಕ್ತದ ಸಕ್ಕರೆ ನೋಡಿಸಬೇಕು. ಮಧುಮೇಹ ನಾಯಿಯಲ್ಲಿ ಪೊರೆಯನ್ನು ಬೇಗ ತರುತ್ತದೆ.

ಬೆಕ್ಕಿನ ವಿಷಯ ಬೇರೆ. ಸೀನುತ್ತಾ, ಕಣ್ಣು ಅಂಟಿಕೊಂಡು ಸಿಗುವ ಬೀದಿಯ ಮರಿಗಳಲ್ಲಿ ಅನೇಕಕ್ಕೆ ಹರ್ಪಿಸ್ ವೈರಸ್ಸಿನ ಸೋಂಕು ಇರುತ್ತದೆ. ಅಲ್ಲಿಯೂ ಸ್ಟೀರಾಯ್ಡ್ ಅಪಾಯಕಾರಿ. ಜೈನ ಮನೆಗಳು ಮುಖ್ಯವಾಗಿ ಗಮನಿಸಬೇಕಾದದ್ದು ಊಟವನ್ನು. ಬೆಕ್ಕಿಗೆ ಹಾಲು ಅನ್ನ, ಮೊಸರನ್ನ ಹಾಕಿ ಸಾಕುವವರು ಬಹಳ. ಅಕ್ಷಿಪಟಲಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶವನ್ನು ನಾಯಿಯ ಶರೀರ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನದಕ್ಕೆ ಬೇಕಾದಷ್ಟು ತಯಾರಿಸಲಾಗದು. ಧಾನ್ಯ ಬೇಳೆಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಹಾಲಿನಲ್ಲಿಯೂ ಸಾಲದು. ಹಾಲಿನ ಪ್ರೋಟೀನಾದ ಕೇಸೀನನ್ನೇ ತಿಂದ ಬೆಕ್ಕುಗಳ ಅಕ್ಷಿಪಟಲ ಕ್ಷೀಣಿಸಿದ್ದನ್ನು 1975ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಈ ಹಾನಿ ನೋವಿಲ್ಲದೆ, ತಿಂಗಳುಗಟ್ಟಲೆ ನಿಧಾನವಾಗಿ ಆಗುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ಟಾರಿನ್ ಕೊಟ್ಟರೆ ಮುಂದಿನ ಹಾನಿಯನ್ನು ತಡೆಯಬಹುದು. ಕ್ಯಾರೆಟ್ ತುರಿದು ಹಾಕಿದರೂ ಪ್ರಯೋಜನವಿಲ್ಲ, ಅದರ ಕೆರೋಟಿನನ್ನು ವಿಟಮಿನ್ ಎ ಆಗಿ ಬದಲಿಸಿಕೊಳ್ಳುವ ಶಕ್ತಿ ಬೆಕ್ಕಿಗಿಲ್ಲ.

ಅಹಿಂಸೆಯನ್ನು ಬಿಡಲಾರದ ಮನೆಗೆ ಇಲ್ಲಿ ಒಂದು ದಾರಿಯಿದೆ. ಕಾರ್ಖಾನೆಯಲ್ಲಿ ಪ್ರಾಣಿಮೂಲವಿಲ್ಲದೆ ತಯಾರಾಗುವ ಟಾರಿನ್ ಸಿಗುತ್ತದೆ, ಬೆಕ್ಕಿನ ಪೊಟ್ಟಣದ ಆಹಾರಗಳಿಗೆ ಸೇರಿಸುವುದೂ ಹೆಚ್ಚಾಗಿ ಅದನ್ನೇ. ಆದರೆ ಟಾರಿನ್ ಒಂದೇ ಸಾಲದು. ಬೆಕ್ಕಿಗೆ ಬೇಕಾದ ಇತರ ಪೋಷಕಾಂಶಗಳೂ ಸೇರಬೇಕು. ಅಳತೆಯನ್ನು ಪಶುವೈದ್ಯರಿಂದಲೇ ಬರೆಸಿಕೊಂಡು, ಆಗಾಗ ಕಣ್ಣು ಮತ್ತು ಹೃದಯದ ಪರೀಕ್ಷೆ ಮಾಡಿಸಬೇಕು. ಟಾರಿನ್ ಕೊರತೆಯಿಂದ ಹೃದಯವೂ ದುರ್ಬಲವಾಗುತ್ತದೆ.

ಗೋಶಾಲೆಗಳಲ್ಲಿ ಬೇಸಿಗೆ ಮಳೆಗಾಲದಲ್ಲಿ ಒಂದು ಹಸುವಿನ ಕಣ್ಣಿನಿಂದ ನೀರಿಳಿಯತೊಡಗಿದರೆ ಕೆಲವೇ ದಿನಗಳಲ್ಲಿ ಹತ್ತಕ್ಕೆ ಹರಡಬಹುದು. ನೊಣಗಳೇ ಆ ಸೋಂಕನ್ನು ಸಾಗಿಸುತ್ತವೆ. ಅಂಥ ಹಸುವನ್ನು ಬೇರೆ, ನೆರಳಿನಲ್ಲಿ ಕಟ್ಟಿ, ಸಗಣಿಯನ್ನು ದೂರ ಸಾಗಿಸಬೇಕು. ಕಣ್ಣಿಗೆ ಉಪ್ಪು, ತಂಬಾಕಿನ ರಸ ಹಾಕುವ ಹಳೆಯ ರೂಢಿ ಕಾರ್ನಿಯಾವನ್ನು ಸುಡುತ್ತದೆ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.