ಹಿತ್ತಲಿನ ‘ಗಾಜರ್ ಗವತ’ ಬರಿಗೈಯಲ್ಲಿ ಕೀಳಬೇಡಿ!



ಎರಡು ಮಳೆ ಬಿದ್ದರೆ ಸಾಕು, ದೌಂಡದಲ್ಲಿ ರೈಲು ಹಳಿಯ ಪಕ್ಕ, ಖಾಲಿ ಸೈಟು, ಭೀಮಾ ನದಿಯ ದಂಡೆ, ನಮ್ಮ ನಿಮ್ಮ ಹಿತ್ತಲು, ಎಲ್ಲ ಕಡೆ ಒಂದೇ ಗಿಡ ತಲೆ ಎತ್ತುತ್ತದೆ. ಎಲೆ ಗಜ್ಜರಿ ಸೊಪ್ಪಿನ ಹಾಗೆ, ಹೂವು ಸಣ್ಣ ಬಿಳಿ ಮಣಿಯ ಹಾಗೆ. ಪಕ್ಕದ ಮನೆಯ ಮಾವಶಿ ಇದನ್ನು ‘ಗಾಜರ್ ಗವತ’ ಎನ್ನುತ್ತಾರೆ. ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು ‘ಕಾಂಗ್ರೆಸ್ ಕಸ’ ಎನ್ನುತ್ತಾರೆ. ಪುಸ್ತಕದ ಹೆಸರು ಪಾರ್ಥೇನಿಯಂ. ಹೆಸರು ಮೂರು, ಗಿಡ ಒಂದೇ.

ಇದು ನಮ್ಮ ನಾಡಿನ ಗಿಡವಲ್ಲ, ಅಮೆರಿಕ ಖಂಡದ್ದು. ಭಾರತದಲ್ಲಿ ಇದು ಬೇರೂರಿದೆ ಎಂಬ ವರದಿ 1956ರಲ್ಲಿ ಪ್ರಕಟವಾದದ್ದು ನಮ್ಮ ಪುಣೆಯಿಂದಲೇ. 1970ರ ದಶಕದಲ್ಲಿ ಇದರಿಂದ ಚರ್ಮರೋಗ ಹರಡುತ್ತಿರುವುದನ್ನು ಮೊದಲು ವರದಿ ಮಾಡಿದವರಲ್ಲಿ ಪುಣೆಯ ವೈದ್ಯರೂ ಇದ್ದರು. ಅಂದರೆ ಇದು ದೂರದ ಊರಿನ ಸುದ್ದಿಯಲ್ಲ, ನಮ್ಮ ಜಿಲ್ಲೆಯದೇ ಕಥೆ.

*ಏನು ತೊಂದರೆ?*

ಈ ಗಿಡದಲ್ಲಿ ‘ಪಾರ್ಥೆನಿನ್’ ಎಂಬ ವಿಷ ಪದಾರ್ಥವಿದೆ. ಕೆಲವರಿಗೆ ಇದು ಅಲರ್ಜಿ ತರುತ್ತದೆ. ಕೈ, ಕುತ್ತಿಗೆ, ಕಣ್ಣಿನ ರೆಪ್ಪೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ, ಕೆಂಪು ಗಂಧೆ. ದಿನ ಕಳೆದಂತೆ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಗಿಡ ಮುಟ್ಟಲೇಬೇಕೆಂದಿಲ್ಲ, ಒಣಗಿದ ಎಲೆಯ ಧೂಳು ಗಾಳಿಯಲ್ಲಿ ಬಂದರೂ ಸಾಕು. ಹೂವಿನ ಪರಾಗದಿಂದ ಸೀನು, ಮೂಗು ಸೋರುವುದು, ದಮ್ಮು ಬರಬಹುದು.

*‘ನನಗೇನೂ ಆಗಿಲ್ಲ’ ಎಂಬ ಮಾತು*

ಓಣಿಯ ಕಾಕಾ ಹೇಳುತ್ತಾರೆ: “ಹತ್ತು ವರ್ಷದಿಂದ ಬರಿಗೈಯಲ್ಲೇ ಕೀಳುತ್ತಿದ್ದೇನೆ, ಏನೂ ಆಗಿಲ್ಲ.” ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅಲರ್ಜಿಯ ಗುಣವೇ ಹಾಗೆ. ಒಬ್ಬರಿಗೆ ಬರುವುದಿಲ್ಲ, ಇನ್ನೊಬ್ಬರಿಗೆ ಬರುತ್ತದೆ. ವರ್ಷಗಟ್ಟಲೆ ಮುಟ್ಟಿದ ಮೇಲೆ ಒಂದು ದಿನ ಶುರುವಾಗುವುದೂ ಉಂಟು. ಒಮ್ಮೆ ಶುರುವಾದರೆ ಪ್ರತಿ ಮಳೆಗಾಲ ಕಾಡಬಹುದು. ನೆರೆಯವರಿಗೆ ಗಿಡ ಗೊತ್ತು, ನಿಮ್ಮ ಚರ್ಮ ಗೊತ್ತಿಲ್ಲ. ಗಿಡದ ವಿಷಯದಲ್ಲಿ ಅವರ ಮಾತು ಕೇಳಿ, ಮೈಯ ವಿಷಯದಲ್ಲಿ ಜಾಗ್ರತೆ ನಿಮ್ಮದೇ ಇರಲಿ.

*ನೆರೆಯವರ ಸಲಹೆಗಳಲ್ಲಿ ಯಾವುದು ಸರಿ?*

1. “ಸುಟ್ಟುಬಿಡಿ.” ಬೇಡ. ಹೊಗೆ, ಧೂಳು ಅಲರ್ಜಿ ಇದ್ದವರಿಗೆ ಅಪಾಯ.

2. “ಕುಡುಗೋಲಿನಿಂದ ಕೊಯ್ದರೆ ಸಾಕು.” ಸಾಲದು. ಬುಡದಿಂದ ಮತ್ತೆ ಚಿಗುರುತ್ತದೆ. ಮಣ್ಣು ಹಸಿ ಇದ್ದಾಗ ಬೇರು ಸಮೇತ ಕೀಳಬೇಕು.

3. “ಉಪ್ಪು ನೀರು ಹೊಡೆಯಿರಿ.” ಒಂದು ಲೀಟರ್ ನೀರಿಗೆ ಸುಮಾರು 200 ಗ್ರಾಂ ಉಪ್ಪು ಹಾಕಿ ಹೊಡೆದರೆ ಗಿಡ ಸಾಯುತ್ತದೆ, ನಿಜ. ಆದರೆ ಅದು ರಸ್ತೆ ಬದಿಗೆ, ಪಾಳು ಜಾಗಕ್ಕೆ ಮಾತ್ರ. ಹಿತ್ತಲಲ್ಲಿ ಹೊಡೆದರೆ ಮಣ್ಣು ಕೆಟ್ಟು ನಿಮ್ಮ ಕರಿಬೇವು, ತುಳಸಿಯೂ ಒಣಗುತ್ತವೆ.

4. “ಆಡಿಗೆ, ಎಮ್ಮೆಗೆ ಹಾಕಿ.” ಬೇಡ. ಹಾಲು ಕಹಿಯಾಗುತ್ತದೆ, ಹೆಚ್ಚು ತಿಂದರೆ ದನಕರುಗಳಿಗೆ ವಿಷ.

5. “ಕಷಾಯ ಮಾಡಿ ಕುಡಿದರೆ ಜ್ವರ ಹೋಗುತ್ತದೆ.” ಖಂಡಿತ ಕುಡಿಯಬೇಡಿ.

6. “ಟಾಕಳಾ ಕೀಳಬೇಡಿ, ಚೆಂಡು ಹೂ ಹಚ್ಚಿ.” ಇದು ಚಿನ್ನದಂಥ ಮಾತು! ಟಾಕಳಾ ಅಂದರೆ ನಮ್ಮ ತಗಚೆ. ಇವು ಒತ್ತಾಗಿ ಬೆಳೆದು ಪಾರ್ಥೇನಿಯಂಗೆ ಜಾಗ ಕೊಡುವುದಿಲ್ಲ. ತಗಚೆಯ ಎಳೆ ಸೊಪ್ಪು ಪಲ್ಯಕ್ಕೂ ಆಗುತ್ತದೆ. ಆದರೆ ಗುರುತು ಖಚಿತವಿದ್ದರೆ ಮಾತ್ರ ತಿನ್ನಿ.

*ಕೀಳುವ ಸರಿಯಾದ ಕ್ರಮ*

• ಹೂ ಬಿಡುವ ಮೊದಲೇ ಕೀಳಿ. ಮೊಳೆತ ನಾಲ್ಕಾರು ವಾರಗಳಲ್ಲಿ ಹೂ ಬರುತ್ತದೆ. ಒಂದು ದೊಡ್ಡ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು.
• ಕೈಗವಸು, ತುಂಬು ತೋಳಿನ ಅಂಗಿ, ಮಾಸ್ಕ್ ಇರಲಿ. ಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಳ್ಳಿ.
• ದಮ್ಮು, ಚರ್ಮದ ಅಲರ್ಜಿ ಇರುವವರು ಮತ್ತು ಮಕ್ಕಳು ಈ ಕೆಲಸಕ್ಕೆ ಬರಬಾರದು.
• ಹೂ ಬಾರದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಂದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಕೊಳೆಯಲು ಬಿಡಿ.
• ಕೆಲಸ ಮುಗಿದ ಕೂಡಲೇ ಸಾಬೂನು ಹಚ್ಚಿ ಸ್ನಾನ ಮಾಡಿ. ಆ ಬಟ್ಟೆ ಬೇರೆ ಒಗೆಯಿರಿ.
• ಎಲೆಯ ಮೇಲೆ ಕಪ್ಪು ಗೆರೆಗಳ ಬಿಳಿಚು ಬಣ್ಣದ ಪುಟ್ಟ ದುಂಬಿ ಕಂಡರೆ ಕೊಲ್ಲಬೇಡಿ. ಈ ಗಿಡ ತಿನ್ನಲೆಂದೇ ವಿಜ್ಞಾನಿಗಳು ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಅದು.

*ಗಂಧೆ ಎದ್ದರೆ*

ತಣ್ಣೀರು, ಸಾಬೂನಿನಿಂದ ತೊಳೆಯಿರಿ, ಕೆರೆಯಬೇಡಿ. ಅರಿಶಿನ, ಸುಣ್ಣ, ಬೇರೆ ಸೊಪ್ಪಿನ ರಸ ಮೆತ್ತಬೇಡಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಯಾವ ಗಿಡ ಮುಟ್ಟಿದ್ದೀರಿ ಎಂದು ತಪ್ಪದೆ ಹೇಳಿ. ಈ ಅಲರ್ಜಿ ಇದ್ದ ಕೆಲವರಿಗೆ ಸೇವಂತಿಗೆಯೂ ಆಗಿಬರುವುದಿಲ್ಲ, ಪೂಜೆಯ ಹೂ ಮುಟ್ಟುವಾಗ ಗಮನವಿರಲಿ. ಉಸಿರು ಕಟ್ಟಿದರೆ, ಮುಖ ಬಾತರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಒಬ್ಬರ ಹಿತ್ತಲು ಸ್ವಚ್ಛವಾದರೆ ಸಾಲದು, ಗೋಡೆಯಾಚೆಯ ಬೀಜ ಗಾಳಿಗೆ, ನೀರಿಗೆ ಮತ್ತೆ ಬರುತ್ತದೆ. ಜಬಲಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಆಗಸ್ಟ್‌ನಲ್ಲಿ ‘ಪಾರ್ಥೇನಿಯಂ ಜಾಗೃತಿ ಸಪ್ತಾಹ’ ನಡೆಸುತ್ತದೆ. ಅದೇ ನೆಪದಲ್ಲಿ ಮಾವಶಿ, ಕಾಕಾ ಎಲ್ಲರನ್ನೂ ಕರೆದು ಒಂದು ಭಾನುವಾರ ಬೆಳಿಗ್ಗೆ ಇಡೀ ಓಣಿ ಸೇರಿ ಕೀಳಿ. ಕೈಗವಸು ಮಾತ್ರ ಮರೆಯಬೇಡಿ.

ನಿಮ್ಮ ಓಣಿಯ ಗ್ರೂಪಿಗೆ ಇದನ್ನು ಇವತ್ತೇ ಕಳಿಸಿ. ಮರಾಠಿ ನೆರೆಯವರಿಗೆ ಓದಿ ಹೇಳಿ.